ನಿಮ್ಮದೇ ರಕ್ತ, ನಿಮ್ಮದೇ ದವಡೆ: ಹಳದಿ ಸಾರದ ಮಹಿಮೆ ಎಷ್ಟು, ಬಿಲ್ಲು ಎಷ್ಟು?

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಈ ಗಾದೆ ಹುಟ್ಟಿದ ಕಾಲದಲ್ಲಿ ಬಿದ್ದ ಹಲ್ಲು ಬಿದ್ದೇ ಹೋಗುತ್ತಿತ್ತು. ಈಗ ಹಾಗಲ್ಲ. ದವಡೆ ಮೂಳೆಗೆ ಟೈಟಾನಿಯಂ ಲೋಹದ ತಿರುಪು ಹಾಕಿ, ಅದರ ತಲೆ ಮೇಲೆ ಹೊಸ ಹಲ್ಲು ಕೂರಿಸುತ್ತಾರೆ. ಇಂಪ್ಲಾಂಟ್ ಅಂತ ಅದಕ್ಕೆ ಹೆಸರು. ಕಾಸಿದ್ದವರಿಗೆ ಮತ್ತೆ ಕಡಲೆ ಅಗಿಯುವ ಯೋಗ.

ಆದರೆ ಮೊಳೆ ನಿಲ್ಲಬೇಕಾದರೆ ಗೋಡೆ ಗಟ್ಟಿ ಇರಬೇಕು. ಇಲ್ಲಿ ಗೋಡೆ ಅಂದರೆ ದವಡೆ ಮೂಳೆ. ಹಲ್ಲು ಹೋದ ಜಾಗದಲ್ಲಿ ಮೂಳೆಗೆ ಕೆಲಸವಿಲ್ಲ. ಕೆಲಸವಿಲ್ಲದ ಮೂಳೆ ವರ್ಷದಿಂದ ವರ್ಷಕ್ಕೆ ಕರಗುತ್ತದೆ. ಹತ್ತು ವರ್ಷ ಬಿಟ್ಟು ಆಸ್ಪತ್ರೆಗೆ ಹೋದವರಿಗೆ ಡಾಕ್ಟರು ಎಕ್ಸ್‌ರೇ ತೋರಿಸಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಯಜಮಾನ್ರೇ, ತಿರುಪು ಹಾಕೋಕೆ ಮೂಳೆ ಸಾಲದು. ಮೂಳೆ ಕಸಿ ಮಾಡಬೇಕು. ಜೊತೆಗೆ ನಿಮ್ಮದೇ ರಕ್ತ ತೆಗೆದು ಅದರ ಸಾರ ಬೆರೆಸಿದರೆ ಬೇಗ ಗಟ್ಟಿ ಆಗುತ್ತೆ. ಅದಕ್ಕೆ ಚಾರ್ಜು ಬೇರೆ."

ಇಲ್ಲಿಗೆ ಯಜಮಾನರ ಪೇಚಾಟ ಶುರು. ಹೂಂ ಅನ್ನಬೇಕೋ, ಬೇಡ ಅನ್ನಬೇಕೋ? ಬೇಡ ಅಂದರೆ ಮೂಳೆ ಕೂಡದೇ ಹೋದೀತು ಎಂಬ ಭಯ. ಹೂಂ ಅಂದರೆ ದುಡ್ಡು ದಂಡವಾದೀತು ಎಂಬ ಭಯ. ದಂತವೈದ್ಯರ ಕುರ್ಚಿಯಲ್ಲಿ ಮಲಗಿದವರಿಗೆ ವಾದ ಮಾಡಲು ಬಾಯಿ ಖಾಲಿ ಇರುವುದಿಲ್ಲ. ಆದ್ದರಿಂದ ಕುರ್ಚಿ ಹತ್ತುವ ಮೊದಲೇ ಈ ರಕ್ತಸಾರದ ಜಾತಕ ತಿಳಿದಿರುವುದು ಒಳ್ಳೆಯದು.

ಡೆಂಗ್ಯೂ ಕಲಿಸಿದ ಪದ

ವೈದ್ಯರು ಇದನ್ನು ಪಿ.ಆರ್.ಪಿ. ಅನ್ನುತ್ತಾರೆ. ಬಿಡಿಸಿ ಹೇಳಿದರೆ ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ. ಪ್ಲೇಟ್‌ಲೆಟ್ ಹೆಚ್ಚಿಗೆ ತುಂಬಿಕೊಂಡ ರಕ್ತದ ನೀರು.

ಪ್ಲೇಟ್‌ಲೆಟ್ ಎಂಬ ಪದವನ್ನು ಈಗ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಡೆಂಗ್ಯೂ ಜ್ವರವೇ ಕಲಿಸಿಬಿಟ್ಟಿದೆ. ಮಳೆಗಾಲ ಬಂತೆಂದರೆ ಬಸ್ಸಿನಲ್ಲಿ, ಹೋಟೆಲಿನಲ್ಲಿ ಒಂದೇ ಮಾತು: "ಕೌಂಟ್ ಎಷ್ಟಿದೆ?" ಆರೋಗ್ಯವಂತರ ರಕ್ತದ ಒಂದು ಮೈಕ್ರೋಲೀಟರಿನಲ್ಲಿ, ಅಂದರೆ ಒಂದು ಮಿಲಿಲೀಟರನ್ನು ಸಾವಿರ ಪಾಲು ಮಾಡಿ ಒಂದು ಪಾಲು ತೆಗೆದುಕೊಂಡರೆ, ಅದರೊಳಗೆ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಒಂದೊಂದರ ಆಯಸ್ಸು 7ರಿಂದ 10 ದಿನ. ಆಮೇಲೆ ಹೊಸವು ಬರುತ್ತವೆ.

ಡೆಂಗ್ಯೂ ರೋಗಿಗೆ ಕೌಂಟ್ ತೀರಾ ಇಳಿದಾಗ ಹಾಕುವುದು ಇನ್ನೊಬ್ಬರ ಪ್ಲೇಟ್‌ಲೆಟ್. ದವಡೆಗೆ ಹಾಕುವುದು ರೋಗಿಯದೇ ಪ್ಲೇಟ್‌ಲೆಟ್. ಅಲ್ಲಿ ಅದನ್ನು ನರಕ್ಕೆ ಏರಿಸುತ್ತಾರೆ, ಇಲ್ಲಿ ಗಾಯದ ಜಾಗಕ್ಕೇ ಹಚ್ಚುತ್ತಾರೆ. ಇವೆರಡನ್ನು ಕಲಸಿಕೊಳ್ಳಬಾರದು.

ರಕ್ತ ಹೆಪ್ಪುಗಟ್ಟುವುದರಲ್ಲಿ ಪ್ಲೇಟ್‌ಲೆಟ್ಟಿನ ಪಾತ್ರವನ್ನು ತೋರಿಸಿಕೊಟ್ಟವನು ಇಟಲಿಯ ಟ್ಯೂರಿನ್ ನಗರದ ಜೂಲಿಯೋ ಬಿಜೊಜೆರೋ. ಅದು 1882ರ ಮಾತು. ಅಲ್ಲಿಂದ ಬಹಳ ಕಾಲ ಜನ ಇದನ್ನು ಬರೀ ಬಿರಡೆ ಎಂದೇ ತಿಳಿದಿದ್ದರು. ರಕ್ತನಾಳ ತೂತಾದರೆ ಬಂದು ಮುಚ್ಚುವ ಬಿರಡೆ, ಅಷ್ಟೇ.

1974ರಲ್ಲಿ ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಸೆಲ್ ರಾಸ್ ಮತ್ತು ಸಂಗಡಿಗರು ಬೇರೊಂದು ಗುಟ್ಟು ಹೊರಗೆಡವಿದರು. ರಕ್ತನಾಳದ ಗೋಡೆಯ ಕಣಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದರು. ಪ್ಲೇಟ್‌ಲೆಟ್ ಸಮೇತ ಹೆಪ್ಪುಗಟ್ಟಿದ ರಕ್ತದ ತಿಳಿನೀರು ಹಾಕಿದರೆ ಕಣಗಳು ಚೆನ್ನಾಗಿ ಹೆಚ್ಚುತ್ತಿದ್ದವು. ಪ್ಲೇಟ್‌ಲೆಟ್ ತೆಗೆದ ನೀರು ಹಾಕಿದರೆ ಸುಮ್ಮನೆ ಕೂರುತ್ತಿದ್ದವು. ಅಂದರೆ ಬಿರಡೆಯ ಹೊಟ್ಟೆಯೊಳಗೆ ಏನೋ ಇದೆ! ಅದನ್ನೇ ಬೆಳವಣಿಗೆ ಅಂಶ ಎಂದು ಕರೆದರು. ಮುಂದೆ ಅಂಥವು ಹಲವು ಸಿಕ್ಕವು. ಗಾಯವಾದಾಗ ಪ್ಲೇಟ್‌ಲೆಟ್ ಒಡೆದು ಇವುಗಳನ್ನು ಹೊರಗೆ ಚೆಲ್ಲುತ್ತದೆ. "ಇಲ್ಲಿ ಕೆಲಸ ಇದೆ, ಬನ್ನಿ" ಅಂತ ಸುತ್ತಲಿನ ಕಣಗಳಿಗೆ ಕೂಗು ಹಾಕಿದ ಹಾಗೆ.

ಹಾಗಾದರೆ ಗಾಯದ ಜಾಗಕ್ಕೆ ಮಾಮೂಲಿಗಿಂತ ಮೂರು ನಾಲ್ಕು ಪಟ್ಟು ಪ್ಲೇಟ್‌ಲೆಟ್ ತುಂಬಿದರೆ ಮೂರು ನಾಲ್ಕು ಪಟ್ಟು ಕೂಗು ಕೇಳಿಸಬೇಕಲ್ಲ? ಪಿ.ಆರ್.ಪಿ.ಯ ಹಿಂದಿನ ವಿಚಾರ ಇಷ್ಟೇ.

ಗಿರಗಿರ ತಿರುಗಿಸುವ ಯಂತ್ರ

ಹಿಂದೆ ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡುವಾಗ ಗಾಜಿನ ನಳಿಕೆಗಳನ್ನು ಒಂದು ಡಬ್ಬಿಯಲ್ಲಿಟ್ಟು ಗಿರಗಿರ ತಿರುಗಿಸುತ್ತಿದ್ದದ್ದು ಹಲವರಿಗೆ ನೆನಪಿರಬಹುದು. ಹಗುರ ಕೊಬ್ಬು ಒಂದು ಕಡೆ, ಭಾರದ ನೀರು ಇನ್ನೊಂದು ಕಡೆ ಸರಿಯುತ್ತಿತ್ತು. ರಕ್ತಕ್ಕೂ ಅದೇ ಉಪಾಯ. ಯಂತ್ರದ ಹೆಸರು ಸೆಂಟ್ರಿಫ್ಯೂಜ್.

ಕೈಯಿಂದ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ಎಂಬ ಲವಣ ಬೆರೆಸಿ ತಿರುಗಿಸುತ್ತಾರೆ. ಕೆಂಪು ಕಣ ಭಾರ, ತಳಕ್ಕೆ ಕೂರುತ್ತದೆ. ಮೇಲೆ ಹುಲ್ಲಿನ ಬಣ್ಣದ ನೀರು ನಿಲ್ಲುತ್ತದೆ. ಅದನ್ನು ಬೇರೆ ಮಾಡಿ ಇನ್ನೊಂದು ಸುತ್ತು ತಿರುಗಿಸಿದರೆ ಪ್ಲೇಟ್‌ಲೆಟ್‌ಗಳೆಲ್ಲ ಒಂದೆಡೆ ಸೇರುತ್ತವೆ. ಮೇಲಿನ ತೆಳುನೀರು ಚೆಲ್ಲಿದರೆ ಉಳಿಯುವ ಸ್ವಲ್ಪ ಹಳದಿ ದ್ರವವೇ ಪಿ.ಆರ್.ಪಿ. ಒಂದು ಮೈಕ್ರೋಲೀಟರಿಗೆ ಸುಮಾರು 10 ಲಕ್ಷ ಪ್ಲೇಟ್‌ಲೆಟ್ ಇದ್ದರೆ ಹದವಾದ ಪಿ.ಆರ್.ಪಿ. ಎಂದು ಬಲ್ಲವರ ಲೆಕ್ಕ.

ಹಾಕುವ ಹೊತ್ತಿಗೆ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಥ್ರಾಂಬಿನ್ ಎಂಬ ಹೆಪ್ಪು ಹಾಕಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ. ದ್ರವ ಜೆಲ್ಲಿಯಾಗುತ್ತದೆ. ಮೂಳೆ ಚೂರುಗಳೊಂದಿಗೆ ಕಲಸಿದರೆ ಅಂಟಂಟಾಗಿ ಒಂದೇ ಮುದ್ದೆ. ಉದುರುವುದಿಲ್ಲ, ಜಾರುವುದಿಲ್ಲ, ಹಾಕಿದ ಜಾಗದಲ್ಲಿ ಕೂರುತ್ತದೆ. ಶಸ್ತ್ರವೈದ್ಯರಿಗೆ ಇದೇ ಒಂದು ದೊಡ್ಡ ಅನುಕೂಲ.

ಹೆಪ್ಪು ಹಾಕಿದ ಮೇಲೆ ತಡ ಮಾಡುವಂತಿಲ್ಲ. ಪ್ಲೇಟ್‌ಲೆಟ್ ತನ್ನ ಸರಕಿನ ಸುಮಾರು 70 ಪಾಲನ್ನು ಹತ್ತು ನಿಮಿಷದೊಳಗೇ ಚೆಲ್ಲುತ್ತದೆ, ಗಂಟೆಯೊಳಗೆ ಹೆಚ್ಚುಕಡಿಮೆ ಗೋಣಿ ಖಾಲಿ. ಬೆಳಿಗ್ಗೆ ಹೆಪ್ಪು ಹಾಕಿಟ್ಟು ಸಂಜೆ ಹಚ್ಚಿದರೆ ಏನು ಬಂತು?

ಮಿಯಾಮಿಯ 88 ಮಂದಿ

ಈ ಸಾರ ದವಡೆ ಲೋಕದಲ್ಲಿ ಹೆಸರು ಮಾಡಿದ್ದು 1998ರಲ್ಲಿ. ಜಾಗ ಅಮೆರಿಕದ ಮಿಯಾಮಿ ವಿಶ್ವವಿದ್ಯಾಲಯ. ಮಾಡಿದವರು ದವಡೆ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ಮತ್ತು ಸಂಗಡಿಗರು.

ಅವರ ರೋಗಿಗಳು ಒಂದೆರಡು ಹಲ್ಲು ಕಳೆದುಕೊಂಡವರಲ್ಲ. ಗಡ್ಡೆ ಬೆಳೆದು, ಅದನ್ನು ತೆಗೆಯುವಾಗ ಕೆಳದವಡೆಯ ತುಂಡನ್ನೇ ತೆಗೆಯಬೇಕಾಗಿ ಬಂದವರು. ತೆರವಾದ ಜಾಗ 5 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು. ಕೆಳದವಡೆ ಕುದುರೆ ಲಾಳದ ಆಕಾರದ ಒಂದೇ ಮೂಳೆ. ನಡುವೆ ಅಷ್ಟು ತುಂಡು ಹೋದರೆ ಮುಖ ಒಂದು ಕಡೆ ಜಗ್ಗುತ್ತದೆ, ಊಟ ಕಷ್ಟ, ಮಾತು ತೊದಲು. ನಾಲ್ಕು ಜನರೆದುರು ಕೂರಲು ಸಂಕೋಚ.

ಅಂಥವರಿಗೆ ಸೊಂಟದ ಮೂಳೆಯೊಳಗಿನ ಮೆತ್ತನೆ ಭಾಗ ತೆಗೆದು ದವಡೆಯ ಸಂದಿಗೆ ತುಂಬುವ ಪದ್ಧತಿ ಮೊದಲೇ ಇತ್ತು. ಮಾರ್ಕ್ಸ್ ತಂಡ 88 ರೋಗಿಗಳನ್ನು ಎರಡು ಗುಂಪು ಮಾಡಿತು. 44 ಮಂದಿಗೆ ಬರೀ ಸೊಂಟದ ಮೂಳೆ. 44 ಮಂದಿಗೆ ಸೊಂಟದ ಮೂಳೆ ಜೊತೆಗೆ ಪಿ.ಆರ್.ಪಿ. ಇವರಾರಿಗೂ ದವಡೆಗೆ ವಿಕಿರಣ ಚಿಕಿತ್ಸೆ ಕೊಟ್ಟಿರಲಿಲ್ಲ. ರಕ್ತಸಾರದಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಮಾಮೂಲಿನ 338 ಪಾಲಿಗೆ, ಅಂದರೆ ಮೂರೂಕಾಲು ಪಟ್ಟಿಗೂ ಮೇಲೆ ಏರಿತ್ತು.

ಎರಡು, ನಾಲ್ಕು, ಆರು ತಿಂಗಳಿಗೆ ಎಕ್ಸ್‌ರೇ ತೆಗೆದರು. ರಕ್ತಸಾರ ಬೆರೆತ ಮೂಳೆ ಬೆರೆಯದ ಮೂಳೆಗಿಂತ 1.62ರಿಂದ 2.16 ಪಟ್ಟು ಬೇಗ ಬಲಿತಂತೆ ಕಂಡಿತು. ಆರು ತಿಂಗಳಿಗೆ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ರಕ್ತಸಾರದ ಗುಂಪಿನಲ್ಲಿ ನೂರಕ್ಕೆ 74 ಪಾಲು ಮೂಳೆ, ಇನ್ನೊಂದು ಗುಂಪಿನಲ್ಲಿ 55 ಪಾಲು.

ಸಣ್ಣ ವ್ಯತ್ಯಾಸವೇ ಇದು? ದವಡೆ ಕಳೆದುಕೊಂಡವರಿಗೆ ಇದು ಬರೀ ಅಂಕಿ ಅಲ್ಲ. ಬೇಗ ಬಲಿತ ಮೂಳೆ ಅಂದರೆ ಬೇಗ ಹಲ್ಲು, ಬೇಗ ಊಟ, ಬೇಗ ಅಂಗಡಿ ಗಲ್ಲಾ ಮುಂದೆ ಮತ್ತೆ ಕೂರುವ ಧೈರ್ಯ. ಸುದ್ದಿ ಊರೂರು ಹಾರಿತು.

ಸುದ್ದಿ ಹಾರಿತು, ಲೆಕ್ಕ ಹಿಂದೆ ಬಿತ್ತು

ಕೆಲವೇ ವರ್ಷಗಳಲ್ಲಿ ಚಿಕ್ಕ ಕ್ಲಿನಿಕ್ಕಿನಲ್ಲಿ ಮೇಜಿನ ಮೇಲಿಡುವಂಥ ಸೆಂಟ್ರಿಫ್ಯೂಜುಗಳು ಬಂದವು. ಮಿಯಾಮಿಯಲ್ಲಿ ದವಡೆ ತುಂಡಾದವರಿಗೆ ಮಾಡಿದ್ದನ್ನು ಎಲ್ಲ ಕಡೆ ಎಲ್ಲದಕ್ಕೂ ಮಾಡತೊಡಗಿದರು. ಹಲ್ಲು ಕಿತ್ತ ಗುಣಿಗೆ, ವಸಡಿನ ರೋಗಕ್ಕೆ, ಇಂಪ್ಲಾಂಟಿಗೆ. ಕರ್ನಾಟಕದ ದಂತ ಕಾಲೇಜುಗಳಲ್ಲೂ ಇದರ ಮೇಲೆ ಅಧ್ಯಯನಗಳು ನಡೆದಿವೆ.

ಆಮೇಲೆ ಬೇರೆಯವರು ಅದೇ ಲೆಕ್ಕ ಮಾಡಿ ನೋಡಿದರು. ಉತ್ತರ ಒಂದೇ ಬರಲಿಲ್ಲ.

2002ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮೊಲಗಳ ತಲೆಬುರುಡೆಯಲ್ಲಿ ನಾಲ್ಕು ನಾಲ್ಕು ತೂತು ಮಾಡಿದರು. ಒಂದಕ್ಕೆ ಏನೂ ಹಾಕಲಿಲ್ಲ. ಒಂದಕ್ಕೆ ಬರೀ ಮೂಳೆ, ಒಂದಕ್ಕೆ ಬರೀ ಪಿ.ಆರ್.ಪಿ., ಒಂದಕ್ಕೆ ಎರಡೂ. ಮೂಳೆ ಹಾಕಿದ ತೂತು ತುಂಬಿತು. ಮೂಳೆಗೆ ರಕ್ತಸಾರ ಸೇರಿಸಿದ್ದರಿಂದ ಲೆಕ್ಕಕ್ಕೆ ಬರುವ ಲಾಭ ಕಾಣಲಿಲ್ಲ.

2005ರಲ್ಲಿ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ನಗರದ ವೈದ್ಯರು ಇನ್ನೂ ಜಾಣ ಪರೀಕ್ಷೆ ಮಾಡಿದರು. ಮೇಲ್ದವಡೆಯ ಹಿಂದಿನ ಹಲ್ಲುಗಳ ಮೇಲೆ ಸೈನಸ್ ಎಂಬ ಗಾಳಿಗೂಡು ಇದೆ. ನೆಗಡಿ ಬಂದಾಗ ಕೆನ್ನೆ ಭಾರವಾಗುವುದು ಅದರಿಂದಲೇ. ಹಲ್ಲು ಹೋದ ಮೇಲೆ ಆ ಗೂಡು ಕೆಳಗಿಳಿದು, ಕೆಳಗಿನ ಮೂಳೆ ಹಪ್ಪಳದಷ್ಟು ತೆಳ್ಳಗಾಗಬಹುದು. ಗೂಡಿನ ಒಳಪೊರೆಯನ್ನು ಮೆಲ್ಲಗೆ ಮೇಲೆತ್ತಿ, ಕೆಳಗೆ ಮೂಳೆ ತುಂಬುವುದೇ ಸೈನಸ್ ಲಿಫ್ಟ್. ಗ್ರೋನಿಂಗೆನ್‌ನವರು ಐದು ಮಂದಿಗೆ ಎಡಬಲ ಎರಡೂ ಕಡೆ ಮಾಡಿದರು. ಒಂದು ಕಡೆ ಮೂಳೆ ಜೊತೆ ಪಿ.ಆರ್.ಪಿ., ಇನ್ನೊಂದು ಕಡೆ ಬರೀ ಮೂಳೆ. ಬಾಯಿ ಒಬ್ಬನದೇ, ಮೂಳೆ ಒಬ್ಬನದೇ, ಊಟ ಒಬ್ಬನದೇ. ನೆಪ ಹೇಳಲು ದಾರಿಯೇ ಇಲ್ಲ. ಮೂರು ತಿಂಗಳಿಗೆ ಚೂರು ತೆಗೆದು ನೋಡಿದರೆ ಎರಡೂ ಕಡೆ ಒಂದೇ. ಮಂದಿ ಐವರೇ ಇರಬಹುದು, ಆದರೆ ಅಳತೆ ಚೊಕ್ಕ.

2010ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಹೆಸರಿನಲ್ಲಿ ಸೈನಸ್ ಲಿಫ್ಟ್ ಬಗ್ಗೆ ಅದುವರೆಗಿನ ಪರೀಕ್ಷೆಗಳನ್ನು ಒಟ್ಟಿಗೆ ಜಾಲಾಡಿದರು. ಬೇರೆ ಬೇರೆ ದೇಶದ ಲೆಕ್ಕಗಳನ್ನು ಒಂದೇ ಮೇಜಿನ ಮೇಲಿಟ್ಟು ಆಡಿಟ್ ಮಾಡುವುದು ಆ ಸಂಸ್ಥೆಯ ಕಸುಬು. ತೀರ್ಮಾನ: ಸೈನಸ್ ಲಿಫ್ಟಿಗೆ ಪಿ.ಆರ್.ಪಿ. ಸೇರಿಸಿದ್ದರಿಂದ ಚಿಕಿತ್ಸೆಯ ಫಲ ಹೆಚ್ಚಿದಂತೆ ಕಾಣುವುದಿಲ್ಲ.

ಕೂಗುವವನೇ ಬೇರೆ, ಕಟ್ಟುವವನೇ ಬೇರೆ

ಮಿಯಾಮಿಯಲ್ಲಿ ಆದದ್ದು ಗ್ರೋನಿಂಗೆನ್‌ನಲ್ಲಿ ಯಾಕೆ ಆಗಲಿಲ್ಲ? ಇಲ್ಲೇ ಇರುವುದು ವಿಷಯ.

ಪ್ಲೇಟ್‌ಲೆಟ್ ಮೂಳೆ ಅಲ್ಲ. ಮೂಳೆ ಕಟ್ಟುವ ಕಣವೂ ಅಲ್ಲ. ಅದು ಕೂಲಿಯವರನ್ನು ಕೂಗಿ ಕರೆಯುವ ಮೇಸ್ತ್ರಿ. ಕಟ್ಟುವವರು ಬೇರೆ ಇರಬೇಕು. ಅವರು ಸೊಂಟದಿಂದ ತೆಗೆದ ಹಸಿ ಮೂಳೆಯಲ್ಲಿ ಇರುತ್ತಾರೆ, ಸುತ್ತಲಿನ ಆರೋಗ್ಯವಂತ ದವಡೆಯಲ್ಲಿ ಇರುತ್ತಾರೆ. ಪ್ಯಾಕೆಟ್ಟಿನಲ್ಲಿ ಬರುವ ಮೂಳೆ ಪುಡಿಯಲ್ಲಿ ಜೀವಕಣ ಇಲ್ಲ. ಅದು ಬರೀ ಸಾರುವೆ, ಅಂದರೆ ಕಟ್ಟಡದ ಕೆಲಸಕ್ಕೆ ನಿಲ್ಲಿಸುವ ಮರದ ಅಟ್ಟಣಿಗೆ. ಕೆಲಸದವರೇ ಇಲ್ಲದ ಜಾಗದಲ್ಲಿ ಮೇಸ್ತ್ರಿ ಎಷ್ಟು ಕೂಗಿದರೇನು?

ಎರಡನೆಯದು ಕಾಲ. ಪ್ಲೇಟ್‌ಲೆಟ್ ಸರಕು ಮೊದಲ ಗಂಟೆಯಲ್ಲೇ ಖರ್ಚಾಗುತ್ತದೆ, ಅದರ ಪ್ರಭಾವ ಮೊದಲ ಕೆಲವು ದಿನದ್ದು. ದವಡೆ ಮೂಳೆ ಬಲಿಯುವುದು ತಿಂಗಳುಗಟ್ಟಲೆ. ಓಟದ ಮೊದಲ ಹೆಜ್ಜೆ ಬೇಗ ಇಟ್ಟವನೇ ಕೊನೆಗೂ ಮುಂದಿರುತ್ತಾನೆ ಎಂದೇನಿಲ್ಲ.

ಮೂರನೆಯದು ಹದ. 2004ರಲ್ಲಿ ಜರ್ಮನಿಯ ಮೈಂಜ್ ನಗರದವರು ಮೊಲಗಳ ಮೇಲೆ ಪ್ಲೇಟ್‌ಲೆಟ್ ಪ್ರಮಾಣ ಬದಲಿಸಿ ನೋಡಿದರು. ಮೈಕ್ರೋಲೀಟರಿಗೆ ಸುಮಾರು 10 ಲಕ್ಷ ಇದ್ದಾಗ ಇಂಪ್ಲಾಂಟ್ ಸುತ್ತ ಮೂಳೆ ಹೆಚ್ಚಿತು. ಅದಕ್ಕಿಂತ ಬಹಳ ಕಮ್ಮಿ ಇದ್ದರೆ ಫಲ ಸಾಲದು. ಬಹಳ ಹೆಚ್ಚಾದರೆ ಉಲ್ಟಾ ಪರಿಣಾಮ. ಉಪ್ಪು ಜಾಸ್ತಿಯಾದ ಸಾರಿನ ಹಾಗೆ. ಒಂದೊಂದು ಯಂತ್ರ ಒಂದೊಂದು ಹದ ಕೊಡುತ್ತದೆ, ಒಬ್ಬೊಬ್ಬರ ರಕ್ತದಲ್ಲಿ ಒಂದೊಂದು ಕೌಂಟ್. ಎಲ್ಲವನ್ನೂ ಪಿ.ಆರ್.ಪಿ. ಎಂದೇ ಕರೆದರೆ ತೂಕ ಬರೆಯದ ಪೊಟ್ಟಣ ಮಾರಿದ ಹಾಗೆ.

ಇನ್ನೊಂದು ತೊಡಕು ಹೆಪ್ಪಿನದು. ಮೊದಮೊದಲು ಬಳಸುತ್ತಿದ್ದ ಥ್ರಾಂಬಿನ್ ಜಾನುವಾರಿನ ರಕ್ತದಿಂದ ತೆಗೆದದ್ದು. ಅಪರೂಪಕ್ಕೆ ಕೆಲವರ ದೇಹ ಅದರ ವಿರುದ್ಧ ತಿರುಗಿ ಬಿದ್ದು, ಸ್ವಂತ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಟ್ಟ ಉದಾಹರಣೆಗಳು ದಾಖಲಾಗಿವೆ. "ಸ್ವಂತ ರಕ್ತ, ಅಪಾಯವೇ ಇಲ್ಲ" ಎಂಬ ಮಾತಿನಲ್ಲಿ ಇಷ್ಟು ತೂತು ಇತ್ತು.

ನೀಸ್ ನಗರದ ಸುಲಭ ದಾರಿ

2001ರಲ್ಲಿ ಫ್ರಾನ್ಸಿನ ನೀಸ್ ನಗರದ ವೈದ್ಯ ಜೋಸೆಫ್ ಶುಕ್ರೂನ್ ಮತ್ತು ಸಂಗಡಿಗರು ಈ ಗೋಜಲನ್ನೇ ಬಿಟ್ಟು ಹೊಸ ದಾರಿ ಹೇಳಿದರು. ಸಿಟ್ರೇಟ್ ಬೇಡ, ಥ್ರಾಂಬಿನ್ ಬೇಡ. ರಕ್ತ ತೆಗೆದ ಕೂಡಲೇ ತಿರುಗಿಸಿ. ನಿಮಿಷಕ್ಕೆ 2700 ಸುತ್ತಿನ ಲೆಕ್ಕದಲ್ಲಿ 12 ನಿಮಿಷ ಎಂಬುದು ಅದರ ಹೆಸರಾದ ಒಂದು ಪಾಕ. ರಕ್ತ ತಾನಾಗಿಯೇ ಹೆಪ್ಪುಗಟ್ಟುತ್ತದೆ. ತಳದಲ್ಲಿ ಕೆಂಪು, ಮೇಲೆ ತಿಳಿನೀರು, ನಡುವೆ ಹಳದಿ ಜೆಲ್ಲಿಯ ಉಂಡೆ. ಆ ಉಂಡೆಗೆ ಪಿ.ಆರ್.ಎಫ್. ಎಂದು ಹೆಸರು. ಒತ್ತಿದರೆ ಚರ್ಮದಂಥ ತೆಳು ಹಾಳೆಯಾಗುತ್ತದೆ. ಹೊಲಿಯಬಹುದು, ಗಾಯದ ಮೇಲೆ ಹೊದಿಸಬಹುದು. ಇದರಲ್ಲಿ ಬೆಳವಣಿಗೆ ಅಂಶ ಒಮ್ಮೆಗೇ ಖಾಲಿಯಾಗದೆ ನಾರಿನ ಬಲೆಯಿಂದ ನಿಧಾನಕ್ಕೆ, ದಿನಗಟ್ಟಲೆ ಹೊರಬರುತ್ತದೆ.

ಇಂದು ದಂತ ಆಸ್ಪತ್ರೆಗಳಲ್ಲಿ "ರಕ್ತದ ಜೆಲ್ಲಿ" ಅಂದರೆ ಬಹಳ ಕಡೆ ಇದೇ. ಒಂದೇ ಎಚ್ಚರಿಕೆ: ರಕ್ತ ತೆಗೆದ ಮೇಲೆ ತಡವಾದರೆ ನಳಿಕೆಯಲ್ಲೇ ಅಡ್ಡಾದಿಡ್ಡಿ ಹೆಪ್ಪುಗಟ್ಟಿ ಕೆಲಸ ಕೆಡುತ್ತದೆ.

ಬುದ್ಧಿ ಹಲ್ಲಿನ ಗುಣಿಯಲ್ಲಿ ಸಿಕ್ಕ ಲಾಭ

ಹಾಗಾದರೆ ಎಲ್ಲ ದಂಡವೇ? ಅಲ್ಲ. ಫಲ ಕಂಡ ಜಾಗ ಬೇರೆ ಇದೆ.

ಕೆಳದವಡೆಯ ಬುದ್ಧಿ ಹಲ್ಲು ಕೀಳಿಸಿದವರಲ್ಲಿ ಕೆಲವರಿಗೆ ಮೂರನೇ ದಿನದ ಹೊತ್ತಿಗೆ ಕಿವಿಯವರೆಗೆ ಹರಿಯುವ ನೋವು ಬರುತ್ತದೆ. ಗುಣಿಯಲ್ಲಿ ನಿಲ್ಲಬೇಕಾದ ರಕ್ತದ ಹೆಪ್ಪು ಕಳಚಿಹೋಗಿ ಮೂಳೆ ಬರಿದಾಗಿ ನಿಂತಿರುತ್ತದೆ. ಡ್ರೈ ಸಾಕೆಟ್ ಎನ್ನುವುದು ಇದಕ್ಕೇ. ಬೀಡಿ ಸಿಗರೇಟು ಸೇದುವವರಿಗೆ ಇದು ಹೆಚ್ಚು. ಗುಣಿಗೆ ಪಿ.ಆರ್.ಎಫ್. ಉಂಡೆ ತುಂಬಿದವರಲ್ಲಿ ಈ ಕಾಟ ಕಮ್ಮಿ, ನೋವೂ ಕಮ್ಮಿ ಎಂದು ಹಲವು ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿದ ವರದಿಗಳು ಹೇಳುತ್ತವೆ. ವಸಡು ಬೇಗ ಮುಚ್ಚಿಕೊಳ್ಳುತ್ತದೆ. ಆದರೆ ಅದೇ ಗುಣಿಯಲ್ಲಿ ಮೂಳೆ ಹೆಚ್ಚು ಬೆಳೆಯಿತೇ ಎಂದರೆ, ಗಟ್ಟಿ ಸಾಕ್ಷಿ ಅಷ್ಟಾಗಿ ಇಲ್ಲ.

ಒಟ್ಟು ಲೆಕ್ಕ ಹೀಗೆ ನಿಲ್ಲುತ್ತದೆ. ಮೆತ್ತನೆ ಭಾಗ, ಅಂದರೆ ವಸಡು ಮತ್ತು ಬಾಯಿಯ ಒಳಚರ್ಮ, ಬೇಗ ಮಾಯಲು ರಕ್ತಸಾರ ಸಹಾಯ ಮಾಡುತ್ತದೆ. ಮೊದಲ ವಾರದ ನೋವು ತಗ್ಗಿಸುತ್ತದೆ. ಮೂಳೆ ಚೂರುಗಳನ್ನು ಒಂದೆಡೆ ಹಿಡಿದಿಡುತ್ತದೆ. ಜೀವ ಇರುವ ಮೂಳೆ ಕಸಿಗೆ ಶುರುವಿನಲ್ಲಿ ಒಂದು ನೂಕು ಕೊಡಬಹುದು. ಇಲ್ಲದ ಮೂಳೆಯನ್ನು ಇದ್ದಂತೆ ಮಾಡುವ ಮಂತ್ರ ಮಾತ್ರ ಅದರಲ್ಲಿ ಇಲ್ಲ.

ತಂಬಾಕಿನ ದವಡೆಗೆ ಈ ಮದ್ದು ಸಾಲದು

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ದವಡೆ ಕಳೆದುಕೊಳ್ಳುವ ಕಾರಣಗಳಲ್ಲಿ ಈ ನಾಡಿನಲ್ಲಿ ಬಾಯಿ ಕ್ಯಾನ್ಸರ್ ದೊಡ್ಡದು. ಅದರ ಬೇರು ತಂಬಾಕು, ಅಡಿಕೆ. 2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿತು. ಆಮೇಲೆ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಆಗಿ ಮಾಲೆಗಳು ಮತ್ತೆ ನೇತಾಡಿದ್ದು ಅಂಗಡಿಯವರಿಗೆ ತಿಳಿಯದ ಸಂಗತಿಯೇನಲ್ಲ.

ಮಿಯಾಮಿಯ 88 ಮಂದಿಯ ದವಡೆಗೆ ವಿಕಿರಣ ತಗುಲಿರಲಿಲ್ಲ ಎಂಬುದನ್ನು ಮರೆಯಬಾರದು. ಬಾಯಿ ಕ್ಯಾನ್ಸರಿನಲ್ಲಿ ಬಹಳ ಮಂದಿಗೆ ವಿಕಿರಣ ಕೊಡಬೇಕಾಗುತ್ತದೆ. ವಿಕಿರಣ ತಿಂದ ದವಡೆಯಲ್ಲಿ ರಕ್ತನಾಳ ಕಮ್ಮಿ, ಜೀವಕಣ ಕಮ್ಮಿ, ಆಮ್ಲಜನಕ ಕಮ್ಮಿ. 1983ರಲ್ಲೇ ಇದನ್ನು ಬಿಡಿಸಿ ಬರೆದವರೂ ಇದೇ ರಾಬರ್ಟ್ ಮಾರ್ಕ್ಸ್. ಅಂಥ ಜಾಗದಲ್ಲಿ ಮೇಸ್ತ್ರಿ ಕೂಗಿದರೆ ಓಗೊಡುವವರು ವಿರಳ. ಅಲ್ಲದೆ ಕ್ಯಾನ್ಸರ್ ಉಳಿದಿರಬಹುದಾದ ಜಾಗಕ್ಕೆ ಬೆಳವಣಿಗೆ ಅಂಶ ಸುರಿಯಲು ವೈದ್ಯರು ಹಿಂದೆ ಮುಂದೆ ನೋಡುತ್ತಾರೆ.

ಅವರಿಗೆ ದಾರಿ ಬೇರೆ. ಮೊಣಕಾಲ ಕೆಳಗೆ ಎರಡು ಮೂಳೆ ಇವೆ. ಹೊರಗಿನ ತೆಳು ಮೂಳೆಯನ್ನು ಅದರ ರಕ್ತನಾಳದ ಸಮೇತ ತೆಗೆದು, ದವಡೆಯ ಆಕಾರಕ್ಕೆ ಕತ್ತರಿಸಿ, ಕುತ್ತಿಗೆಯ ರಕ್ತನಾಳಕ್ಕೆ ಸೂಕ್ಷ್ಮದರ್ಶಕದಡಿ ಹೊಲಿಯುತ್ತಾರೆ. 1989ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ಡೇವಿಡ್ ಹಿಡಾಲ್ಗೋ ದವಡೆಗೆ ಈ ವಿಧಾನವನ್ನು ಪ್ರಕಟಿಸಿದರು. ಅಲ್ಲಿ ಹೋಗುವುದು ಬರೀ ಕೂಗು ಅಲ್ಲ, ರಕ್ತ ಹರಿಯುವ ಜೀವಂತ ಮೂಳೆ. ಇದು ಗಂಟೆಗಟ್ಟಲೆ ಹಿಡಿಯುವ ದೊಡ್ಡ ಆಪರೇಷನ್. ರಕ್ತಸಾರ ಅದಕ್ಕೆ ಬದಲಿ ಆಗಲಾರದು.

ಕುರ್ಚಿ ಹತ್ತುವ ಮೊದಲು

ಅಕ್ಕಿ ಕೊಳ್ಳುವಾಗ ಹಿಡಿಯಲ್ಲಿ ಹಿಡಿದು ಮೂಸಿ ನೋಡುವ ಜನ ಸ್ವಂತ ದವಡೆ ವಿಷಯದಲ್ಲಿ ಮಾತಾಡದೆ ಕೂರುವುದು ಸರಿಯಲ್ಲ. ಮರ್ಯಾದೆಯಿಂದ ಕೇಳಿದರೆ ಒಳ್ಳೆ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ.

"ಸಾರ್, ಇದು ಪಿ.ಆರ್.ಪಿ.ಯೋ ಪಿ.ಆರ್.ಎಫ್.ಓ? ನನ್ನ ವಿಷಯದಲ್ಲಿ ಇದರಿಂದ ಆಗೋ ಲಾಭ ಯಾವುದು, ವಸಡು ಮಾಯೋದಾ, ಮೂಳೆ ಬೆಳೆಯೋದಾ? ಇದು ಇಲ್ಲದೇ ಇದ್ದರೆ ಏನು ಕಮ್ಮಿ ಆಗುತ್ತೆ?" ಇದು ಮೊದಲನೆಯ ಪ್ರಶ್ನೆ. "ಮೂಳೆ ಪುಡಿ ಎಲ್ಲಿಂದ ಬಂದದ್ದು? ನನ್ನದೇ ಮೂಳೆಯೋ, ಜಾನುವಾರಿನದೋ, ಕೃತಕದ್ದೋ?" ಇದು ಎರಡನೆಯದು. ದನದ ಮೂಳೆಯಿಂದ ಮಾಡಿದ ಪುಡಿಗಳು ಮಾರುಕಟ್ಟೆಯಲ್ಲಿವೆ. ಬೇಡ ಎನ್ನುವವರು ಮೊದಲೇ ಹೇಳಬೇಕು. "ನಳಿಕೆ, ಸೂಜಿ ಹೊಸದೇ? ಬೇರೆಯವರ ನಳಿಕೆ ಜೊತೆ ಅದಲು ಬದಲು ಆಗದಂತೆ ಹೆಸರು ಬರೆಯುತ್ತೀರಾ?" ಇದು ಮೂರನೆಯದು, ಎಲ್ಲಕ್ಕಿಂತ ಮುಖ್ಯ. ಸ್ವಂತ ರಕ್ತ ಸ್ವಂತದ್ದಾಗಿಯೇ ವಾಪಸು ಬರಬೇಕಲ್ಲ! ಬಿಲ್ಲಿನಲ್ಲಿ ರಕ್ತಸಾರಕ್ಕೆ ಎಷ್ಟು ಎಂದು ಬೇರೆಯಾಗಿ ಬರೆಸಿಕೊಳ್ಳುವುದು ನಾಲ್ಕನೆಯದು.

ರೋಗಿ ಹೇಳಬೇಕಾದ್ದೂ ಇದೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಲು ನುಂಗುವ ಮಾತ್ರೆ, ಆಸ್ಪಿರಿನ್, ಇತ್ತೀಚಿನ ಡೆಂಗ್ಯೂ, ಪ್ಲೇಟ್‌ಲೆಟ್ ಕಮ್ಮಿ ಇರುವುದು ಯಾವುದನ್ನೂ ಮುಚ್ಚಿಡಬಾರದು. ಕ್ಯಾನ್ಸರಿಗೋ ಮೂಳೆ ಸವೆತಕ್ಕೋ ಮೂಳೆ ಗಟ್ಟಿ ಮಾಡುವ ಮಾತ್ರೆ, ಇಂಜೆಕ್ಷನ್ ತೆಗೆದುಕೊಂಡಿದ್ದರೆ ಹಲ್ಲು ಕೀಳಿಸುವ ಮೊದಲೇ ಹೇಳಬೇಕು. ಅಂಥ ಕೆಲವು ಔಷಧಿಗಳಿಂದ ದವಡೆ ಮೂಳೆ ಸಾಯುವುದುಂಟು ಎಂದು 2003ರಲ್ಲಿ 36 ರೋಗಿಗಳ ವಿವರ ಕೊಟ್ಟು ಎಚ್ಚರಿಸಿದವರೂ ಮಾರ್ಕ್ಸ್ ಅವರೇ. ಔಷಧಿಯನ್ನು ತಾನಾಗಿ ನಿಲ್ಲಿಸುವುದೂ ತಪ್ಪು. ಬರೆದುಕೊಟ್ಟ ಡಾಕ್ಟರನ್ನು ಕೇಳಿಯೇ ಮುಂದಿನ ಹೆಜ್ಜೆ.

ಇಷ್ಟೆಲ್ಲ ಕೇಳಿ, ಹೇಳಿ, ರಕ್ತಸಾರ ಹಾಕಿಸಿಕೊಂಡು, ಆಸ್ಪತ್ರೆ ಮೆಟ್ಟಿಲಿಳಿದು ಬೀಡಿ ಹಚ್ಚಿದರೆ ಮಾತ್ರ ಎಲ್ಲ ನೀರುಪಾಲು. ಹೊಗೆ ಗಾಯದ ರಕ್ತ ಸಂಚಾರವನ್ನೇ ಕುಗ್ಗಿಸುತ್ತದೆ. ಬಿಡಲು ಚಾರ್ಜಿಲ್ಲ, ಸೆಂಟ್ರಿಫ್ಯೂಜ್ ಬೇಕಿಲ್ಲ. ದವಡೆ ಮೂಳೆಗೆ ಇದಕ್ಕಿಂತ ಅಗ್ಗದ ಉಪಕಾರ ಇನ್ನೊಂದಿಲ್ಲ.